ಭಾವನ ಕಾರಿನ ಕರಿ ಪಟ್ಟಿ

ನನ್ನ ಮನೆಯಲ್ಲಿ, ನನ್ನ ಮಂಚದ ಮೇಲೆ, ನಾನು ಮಲಗಿ ಎಷ್ಟು ದಿನವಾಯಿತು ಎಂದು ದಯವಿಟ್ಟು ಯಾರೂ ಕೇಳಬೇಡಿ. ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ನನ್ನ ಹೆಂಡತಿ ಸುನೀತಾಗೆ ಕೇಳಿಸುತ್ತದೆ, ಅವಳಿಗೆ ಕೇಳಿಸಿದರೆ "ಯಾರ ಕೈಗುಣದಿಂದ ಆತು ಅನ್ನೋದನ್ನೂ ಹೇಳ್ರಿ ಮತ್ತ" ಅನ್ನುತ್ತಾಳೆ. ಸದ್ಯಕ್ಕೆ ನನ್ನ ಶಯನಮಂದಿರ ಎಂದರೆ ಕಟಿಂಗ್ ಟೇಬಲ್ಲು. ಹಗಲು ಅದರ ಮೇಲೆ ಜೀನ್ಸ್ ಬಟ್ಟೆ ಹಾಸಿ ಕತ್ತರಿಸುತ್ತೇನೆ, ರಾತ್ರಿ ಜಮಖಾನ ಹಾಸಿಕೊಂಡು ನಾನೇ ಬೀಳುತ್ತೇನೆ. ಇಷ್ಟಕ್ಕೆಲ್ಲ ಕಾರಣ ಒಂದು ಕಾರಿನ ಬಾಗಿಲಿಗೆ ಅಂಟಿಕೊಂಡಿದ್ದ ಕರಿ ಪಟ್ಟಿ.

ನಾನು ಈಶ್ವರ್. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್. ಮನೆಯ ಮುಂದಿನ ಶೆಡ್ಡಿನಲ್ಲಿ ನನ್ನದೇ ಒಂದು ಪುಟ್ಟ ಯೂನಿಟ್ ಇದೆ. ಗುಮ್ಮಘಟ್ಟ, ಕಣೇಕಲ್ಲು ಕಡೆಯಿಂದ ಬೆಳಿಗ್ಗೆ ಷೇರ್ ಆಟೋದಲ್ಲಿ ಬಂದಿಳಿಯುವ ಹೆಣ್ಣುಮಕ್ಕಳು ಅಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಅವರೆಲ್ಲ ನನ್ನನ್ನು ಕರೆಯುವುದು "ಮಾಸ್ಟರ್" ಎಂದು. ದಿನವಿಡೀ ಆ ಪದ ಕಿವಿಗೆ ಬಿದ್ದೂ ಬಿದ್ದೂ, ಪ್ಯಾಂಟಿನ ಹೊರಗಿನ ಪ್ರಪಂಚಕ್ಕೂ ನಾನೇ ಮಾಸ್ಟರ್ ಎಂಬ ಭ್ರಮೆ ನನಗೆ ಹಿಡಿದಿದೆ ಎಂದು ಸುನೀತಾಳ ದೂರು. ಫ್ಯಾನು, ನಲ್ಲಿ, ಮಿಕ್ಸಿ, ಒಮ್ಮೆ ಅವಳ ಹಲ್ಲುನೋವು, ನಾನು ಕೈ ಹಾಕದ ಕ್ಷೇತ್ರವಿಲ್ಲ. (ಹಲ್ಲಿನ ವಿಷಯ ಬಿಡಿ, ಆ ಜಾಗದಲ್ಲಿ ಈಗ ನೋವು ಬರುವ ಪ್ರಶ್ನೆಯೇ ಇಲ್ಲ.)

ನನಗೆ ಇರುವುದು ಒಬ್ಬಳೇ ಅಕ್ಕ, ಚಿನ್ನಕ್ಕ. ಮಡಕಶಿರದ ಕಡೆಯ ಹಳ್ಳಿಗೆ ಕೊಟ್ಟಿದ್ದೇವೆ. ಭಾವ ಲಕ್ಷ್ಮೀನರಸಪ್ಪನವರು ರಾಗಿ, ಕಡ್ಲೆಕಾಯಿ, ಹಿಪ್ಪುನೇರಳೆ ಬೆಳೆಯುವ ಗಟ್ಟಿ ಕುಳ. ಅವರ ಕೋಪವೂ ಅಷ್ಟೇ ಗಟ್ಟಿ. ಅಪ್ಪನ ಹಳೇ ಮನೆಯನ್ನೇ ರಿಪೇರಿ ಮಾಡಿಸಿ ಹೊಕ್ಕ ಗೃಹಪ್ರವೇಶದ ದಿನ ನಮ್ಮ ಚಿಕ್ಕಪ್ಪ ಪಾಪಣ್ಣ ಊಟಕ್ಕೆ ಕರೆಯುವ ಗಡಿಬಿಡಿಯಲ್ಲಿ ಭಾವನನ್ನು ಮರೆತು ಎರಡನೇ ಪಂಕ್ತಿಗೆ ಕೂರಿಸಿಬಿಟ್ಟ. ಮನೆಗಿರುವ ಒಬ್ಬನೇ ಅಳಿಯ, ಎರಡನೇ ಪಂಕ್ತಿ. ಭಾವ ಎಲೆಯ ಮುಂದೆ ಕೂತರು, ಬಡಿಸುವವರೆಗೂ ಸುಮ್ಮನಿದ್ದರು, ಬಡಿಸಿದ ಮೇಲೆ ಒಂದು ತುತ್ತೂ ಮುಟ್ಟದೆ ಎದ್ದು ಕೈ ತೊಳೆದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅಂದಿನಿಂದ ನಮ್ಮ ಹೊಸಿಲು ತುಳಿದಿರಲಿಲ್ಲ.

ಅಕ್ಕನಿಗೆ ತವರಿಗೆ ಬರಲು ಅಪ್ಪಣೆ ಇತ್ತು, ರಾತ್ರಿ ಉಳಿಯಲು ಇರಲಿಲ್ಲ. ವರ್ಷಕ್ಕೊಮ್ಮೆ ನಸುಕಿನ ಬಸ್ಸು ಹಿಡಿದು ಪಾವಗಡ, ಕಲ್ಯಾಣದುರ್ಗ ದಾಟಿ ಬರುತ್ತಿದ್ದಳು. ಕಾಫಿ ಕುಡಿದು, ಗೋಡೆಯ ಮೇಲಿನ ಅಪ್ಪ ಅಮ್ಮನ ಫೋಟೋಗೆ ಕೈಮುಗಿದು, ಎರಡು ಮಾತಾಡುವಷ್ಟರಲ್ಲಿ ಗಡಿಯಾರ ನೋಡುತ್ತಿದ್ದಳು. ಅವಳು ಬಂದ ದಿನ ಆ ಗಡಿಯಾರವನ್ನು ಕಿತ್ತು ಬಾವಿಗೆ ಹಾಕಬೇಕು ಅನ್ನಿಸುತ್ತಿತ್ತು. ನನ್ನ ಅಕ್ಕ ನನ್ನ ಮನೆಯಲ್ಲಿ ಒಂದು ರಾತ್ರಿ ಮಲಗಲಾಗಲಿಲ್ಲವಲ್ಲ ಎಂಬ ಸಂಕಟ ನನಗೆ ಎಂದೂ ತಪ್ಪಿರಲಿಲ್ಲ.

ಹೀಗಿರುವಾಗ ಹಿಂದೂಪುರದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವ ಅಕ್ಕನ ಮಗ ರಾಮಾಂಜಿ ಒಂದು ಹಳೇ ಕೆಂಪು ಕಾರು ಕೊಂಡು ಅಪ್ಪನಿಗೆ ಒಪ್ಪಿಸಿದ. ಭಾವ ಈ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಕಲಿತ ಮೇಲೆ ನೆಂಟರ ಮನೆ ಬಾಗಿಲಲ್ಲಿ ಇಳಿದು ಕಾರಿನ ಬಾಗಿಲನ್ನು ಧಡ್ ಎಂದು ಹಾಕುವ ಚಪಲ ಹತ್ತಿತು. ಕಾರಿನಲ್ಲಿ ಹೋಗಿ ಇಳಿಯಲು ಉಳಿದಿದ್ದ ದೊಡ್ಡ ಮನೆ ಎಂದರೆ ನಮ್ಮದೊಂದೇ. ಅಕ್ಕ ಆ ಸಮಯ ನೋಡಿ ಮಾತು ತೆಗೆದಿದ್ದಾಳೆ, ಭಾವ ಹೂಂ ಅಂದಿದ್ದಾರೆ.

"ಭಾನುವಾರ ಬತ್ತಾರೆ ಕಣೋ" ಎಂದು ಅಕ್ಕ ಫೋನಿನಲ್ಲಿ ಪಿಸುಗುಟ್ಟಿದಳು. "ಮರ್ವಾದೆಯಿಂದ ನೋಡ್ಕಂಡು, ಮರ್ವಾದೆಯಿಂದ ಕಳಿಸ್ರಪ್ಪ. ಈ ಸಲ ಏನಾರ ಎಡವಟ್ಟಾತು ಅಂದ್ರೆ ನಂಗೆ ಈ ದಾರಿ ಮುಚ್ಚೋತು ಅಂತ ತಿಳ್ಕ."

ಭಾನುವಾರ ಬಂತು, ಕಾರೂ ಬಂತು. ಬಾಗಿಲು ಧಡ್ ಎಂದಿತು. ಸುನೀತಾ ಎರಡೂ ಸೀಮೆಯ ಅಡುಗೆ ಮಾಡಿದ್ದಳು, ನಮ್ಮ ಕಡೆಯ ಜೋಳದ ರೊಟ್ಟಿ ಎಣಗಾಯಿ, ಅವರ ಕಡೆಯ ಮುದ್ದೆ ಉಪ್ಪುಸಾರು, ಎರಡಕ್ಕೂ ಸಾಕ್ಷಿಯಾಗಿ ಹೋಳಿಗೆ. ಭಾವನನ್ನು ಮೊದಲ ಪಂಕ್ತಿಗೆ ಕೂರಿಸಿದೆವು. ಎರಡನೆಯ ಪಂಕ್ತಿಯೇ ಇಲ್ಲದ ಹಾಗೆ ಅವರನ್ನು ಒಬ್ಬರನ್ನೇ ಕೂರಿಸಿ, ನಾವು ಮೂವರೂ ನಿಂತು ಬಡಿಸಿದೆವು. ಭಾವ ತಿಂದರು. ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ಒಂದೊಂದು ತುತ್ತನ್ನೂ ನೋಡಿದೆ. ಊಟವಾದ ಮೇಲೆ ಅವರು "ಒಸಿ ಅಡ್ಡಾಯ್ತೀನಿ, ನಾಕು ಗಂಟೆಗೆ ಒರಡಾನ" ಎಂದು ನನ್ನ ಮಂಚದ ಮೇಲೆ ಒರಗಿದರು. ಅಕ್ಕ ಬಾಲ್ಯದ ಗೆಳತಿ ನರಸಮ್ಮನನ್ನು ನೋಡಿಬರುತ್ತೇನೆಂದು ಪಕ್ಕದ ಓಣಿಗೆ ಹೋದಳು.

ಎಲ್ಲವೂ ಸಾಂಗವಾಗಿ ನಡೆದಿತ್ತು. ನಾನು ಸುಮ್ಮನೆ ಒಂದು ಮೂಲೆಯಲ್ಲಿ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿ. ಅಳಿಯ ಬಂದ ಬಂಡಿಯನ್ನು ಬಂದ ಹಾಗೇ ವಾಪಸ್ ಕಳಿಸುವಂತಿಲ್ಲ. ಎತ್ತಿನ ಮೈ ತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ, ಸಡಿಲವಾದ ಗೂಟವಿದ್ದರೆ ಬಡಿದು ಬಿಗಿ ಮಾಡಿ ಕಳಿಸಬೇಕು. ಈಗ ಎತ್ತಿಲ್ಲ, ಕಾರಿದೆ. ನಾನು ಪಂಚೆ ಎತ್ತಿ ಕಟ್ಟಿ, ಬಕೆಟ್ಟು ಬಟ್ಟೆ ಹಿಡಿದು ಅಂಗಳಕ್ಕಿಳಿದೆ.

ಕಾರು ನಿಂತಿದ್ದು ಭಾವ ಮಲಗಿದ್ದ ಕೋಣೆಯ ಕಿಟಕಿಯ ಕೆಳಗೇ. ಒಳಗಿನಿಂದ ಗೊರಕೆ ಕೇಳುತ್ತಿತ್ತು. ನಾನು ಗೊರಕೆಯ ತಾಳಕ್ಕೇ ಒರೆಸುತ್ತ ಬಂದೆ. ಮುಂದಿನ ಬಾಗಿಲಿಗೆ ಬಂದಾಗ ಬಟ್ಟೆ ಏನಕ್ಕೋ ಸಿಕ್ಕಿಕೊಂಡಿತು. ಬಾಗಿಲ ಹೊರಮೈಗೆ, ಹಿಡಿಕೆಯ ಕೆಳಗೆ, ಉದ್ದಕ್ಕೂ ಒಂದು ಕರಿ ಪಟ್ಟಿ ಅಂಟಿಸಿರುತ್ತಾರಲ್ಲ, ಬೀಡಿಂಗ್ ಅನ್ನುತ್ತಾರೆ, ಅದರ ತುದಿ ಬಿಟ್ಟುಕೊಂಡಿತ್ತು. ಮಿಕ್ಕಿದ್ದು ಬಿಸಿಲಿಗೆ ಸೊಟ್ಟಗಾಗಿ ಅಲೆ ಅಲೆಯಾಗಿ ಮೈ ಬಿಟ್ಟು ಎದ್ದಿತ್ತು. ಅಲೆ ಅಲೆಯಾದ ಹೊಲಿಗೆಯನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಂಥ ಪ್ಯಾಂಟು ಒಂದೂ ನನ್ನ ಶೆಡ್ಡಿನಿಂದ ಹೊರಗೆ ಹೋಗಿಲ್ಲ, ಇನ್ನು ನನ್ನ ಭಾವನ ಕಾರು ಹೋಗಬಹುದೇ?

ಹೆಬ್ಬೆರಳಿನಿಂದ ಒತ್ತಿದೆ. ಒತ್ತಿದ ಕಡೆ ಕೂತಿತು, ಪಕ್ಕದಲ್ಲಿ ಎದ್ದಿತು. ಪಕ್ಕದಲ್ಲಿ ಒತ್ತಿದೆ. ಸರ್ರನೆ ಇಡೀ ಪಟ್ಟಿ ಕಳಚಿ ನನ್ನ ಕೈಗೆ ಬಂತು.

"ಏನ್ ಕಿತ್ತಿರಿ?" ಸುನೀತಾ ಹಿಂದೆ ನಿಂತಿದ್ದಳು. ಅವಳು ಯಾವಾಗಲೂ ಸರಿಯಾಗಿ ಇಂಥ ಸಮಯಕ್ಕೇ ಬರುತ್ತಾಳೆ.

"ಕಿತ್ತಿಲ್ಲ, ಅದಾ ಬಂತು."

"ನೀವು ಮುಟ್ಟಿದ್ದೆಲ್ಲಾ ಅದಾ ಬರ್ತತ್ರಿ. ಮೊದಲ ಇದ್ದಂಗ ಇಟ್ಟು ಒಳಗ ಬರ್ರಿ. ಅಣ್ಣಾರು ಎದ್ರಂದ್ರ ನನಗ ಮುಖ ತೋರಿಸಾಕ ಆಗಂಗಿಲ್ಲ."

"ಇದ್ದಂಗ ಇಡಾಕ ಅದು ಇದ್ದದ್ದಾ ಸರಿ ಇರಲಿಲ್ಲ. ಸುಮ್ನ ನೋಡ್ತಿರು. ಇಸ್ತ್ರಿ ಕಾಯಾಕಿಡು."

"ಕಾರಿಗೆ ಇಸ್ತ್ರಿ?"

"ಕಾರಿಗಲ್ಲ, ಪಟ್ಟಿಗೆ. ಸೊಂಟದ ಪಟ್ಟಿ ಅಲೆ ಬಂದ್ರ ಏನ್ ಮಾಡ್ತೀವಿ? ಒದ್ದಿ ಬಟ್ಟಿ ಹಾಕಿ ಒತ್ತತೀವಿ. ಇದೂ ಪಟ್ಟಿನಾ."

ಸುನೀತಾ ಒಂದು ಕ್ಷಣ ಕಿಟಕಿಯ ಕಡೆ ನೋಡಿದಳು. ಗೊರಕೆ ನಡೆದಿತ್ತು. ಬೇರೆ ದಾರಿ ಕಾಣದೆ ಅವಳು ಹೋಗಿ ಇಸ್ತ್ರಿ ಪ್ಲಗ್ ಹಾಕಿದಳು (ಮುಂದೆ ವಾದ ಬಂದಾಗ ಈ ಅಂಶವನ್ನು ನಾನು ಎತ್ತಿ ತೋರಿಸಿದ್ದೇನೆ, ಪ್ರಯೋಜನವಾಗಿಲ್ಲ).

ಹೇಳಿದರೆ ನಂಬುವುದಿಲ್ಲ, ಕೆಲಸ ಕೈಗೂಡಿತು. ಪಟ್ಟಿಯನ್ನು ಟೇಬಲ್ಲಿನ ಮೇಲೆ ಮಲಗಿಸಿ, ಒದ್ದೆ ಬಟ್ಟೆ ಹೊದಿಸಿ, ಇಸ್ತ್ರಿ ಎಳೆದೆ. ಹಬೆ ಎದ್ದಿತು, ಒಂದು ಬಗೆಯ ವಾಸನೆಯೂ ಎದ್ದಿತು. ಬಟ್ಟೆ ತೆಗೆದರೆ ಪಟ್ಟಿ ಸ್ಕೇಲಿನ ಹಾಗೆ ನೆಟ್ಟಗಾಗಿತ್ತು. ಒಂದು ಅಲೆ ಇಲ್ಲ. ನಾನು ಸುನೀತಾಳ ಕಡೆ ನೋಡಿದೆ. ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಅವಳು ಬಾಯಿ ತೆರೆದೂ ಮಾತಾಡದೆ ನಿಂತದ್ದು ಅದೇ ಮೊದಲು. ಆ ಹೆಮ್ಮೆಯಲ್ಲೇ ಹಿಂಬದಿಗೆ ರಬ್ಬರ್ ಗಮ್ಮು ಬಳಿದು, ಬಿಸಿಬಿಸಿ ಇರುವಾಗಲೇ ಬಾಗಿಲಿಗೆ ತಂದು ಅಂಟಿಸಿದೆ.

ಪಟ್ಟಿ ಬಾಗಿಲಿಗಿಂತ ಉದ್ದವಾಗಿತ್ತು. ಅಲೆಗಳಲ್ಲಿ ಅಡಗಿದ್ದ ಉದ್ದ, ನಾನು ಇಸ್ತ್ರಿಯಲ್ಲಿ ಎಳೆದ ಉದ್ದ, ಎಲ್ಲ ಸೇರಿ ಬಾಗಿಲ ಅಂಚು ದಾಟಿ ನಾಲ್ಕು ಬೆರಳು ಆಚೆ ನಿಂತಿತು. ಬಾಗಿಲು ತೆಗೆದರೆ ಹಿಂದಿನ ಬಾಗಿಲನ್ನು ಕೆರೆಯುವುದು ಖಂಡಿತ.

"ಇದಕ್ಕೇನ್ ಮಾಡ್ತೀರಿ ಈಗ?"

"ನಾನು ಯಾರು?" ಎಂದೆ.

"ಅದನ್ನ ನನ್ನ ಬಾಯಿಂದ ಹೇಳಿಸಬ್ಯಾಡ್ರಿ."

"ಕಟಿಂಗ್ ಮಾಸ್ಟರ್" ಎಂದು ನಾನೇ ಉತ್ತರ ಕೊಟ್ಟುಕೊಂಡು ಕತ್ತರಿ ತಂದೆ. ಬಾಗಿಲ ಅಂಚಿಗೆ ಸರಿಯಾಗಿ, ಕೂದಲೆಳೆ ಹೆಚ್ಚಿಲ್ಲ ಕಮ್ಮಿಯಿಲ್ಲ, ಒಂದೇ ಏಟಿಗೆ ಕತ್ತರಿಸಿದೆ. ಅಂಥ ಕಟಿಂಗನ್ನು ನಾನು ಜೀನ್ಸಿನಲ್ಲೂ ಮಾಡಿರಲಿಲ್ಲ. ಪಟ್ಟಿಯ ಮೇಲೆಲ್ಲ ಗಮ್ಮು ಮೆತ್ತಿತ್ತು, ತೊಳೆಯೋಣವೆಂದು ಬಕೆಟ್ಟಿನ ತಣ್ಣೀರನ್ನು ಚೊಂಬಿನಲ್ಲಿ ಮೊಗೆದು ಸುರಿದೆ.

ಈಗ ಓದುಗರಲ್ಲಿ ಯಾರಾದರೂ ಜೀನ್ಸ್ ಕೆಲಸ ಬಲ್ಲವರಿದ್ದರೆ ತಲೆ ಚಚ್ಚಿಕೊಂಡಿರುತ್ತಾರೆ. ನೀರಿಗೆ ಬಿದ್ದ ಬಟ್ಟೆ ಕುಗ್ಗುತ್ತದೆ, ಕುಗ್ಗುವಷ್ಟನ್ನು ಮೊದಲೇ ಬಿಟ್ಟು ಕತ್ತರಿಸಬೇಕು. ಹೊಸದಾಗಿ ಕೆಲಸಕ್ಕೆ ಬರುವವರಿಗೆ ನಾನು ಮೊದಲನೆಯ ದಿನ ಹೇಳಿಕೊಡುವ ಪಾಠ ಇದು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೂ ಇಟ್ಟಿದ್ದೇನೆ. ಬಿಸಿಯಲ್ಲಿ ಹಿಗ್ಗಿದ್ದ ಪಟ್ಟಿ ತಣ್ಣೀರು ಬಿದ್ದದ್ದೇ ತಡ, ನಮ್ಮ ಕಣ್ಣೆದುರಿಗೇ ಮೆಲ್ಲಗೆ ಹಿಂದೆ ಸರಿಯಿತು. ಗಮ್ಮು ಇನ್ನೂ ಒಣಗಿರಲಿಲ್ಲವಾಗಿ ಅದಕ್ಕೆ ಸರಿಯಲು ಯಾವ ಅಡ್ಡಿಯೂ ಇರಲಿಲ್ಲ. ಪಟ್ಟಿ ನಿಂತಾಗ ಬಾಗಿಲ ತುದಿಯಲ್ಲಿ ಅಂಗೈಯಗಲದ ಬೋಳು ಜಾಗ. ಕಾರಿನ ಮಿಕ್ಕ ಬಣ್ಣವೆಲ್ಲ ಬಿಸಿಲಿಗೆ ಮಾಸಿ ಇಟ್ಟಿಗೆಯಂತಾಗಿತ್ತು. ಇಷ್ಟು ವರ್ಷ ಪಟ್ಟಿಯಡಿ ಅಡಗಿದ್ದ ಆ ತುಂಡು ಮಾತ್ರ ಹೊಚ್ಚ ಹೊಸ ಕುಂಕುಮದ ಹಾಗೆ ಹೊಳೆಯಿತು. ರಸ್ತೆಯ ಆ ತುದಿಯಿಂದಲೂ ಕಾಣುವಂತಿತ್ತು.

ಸುನೀತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎರಡನೇ ಪಂಕ್ತಿಗೆ ಕೂರಿಸಿದ್ದಕ್ಕೆ ಇಷ್ಟು ವರ್ಷ ಮಾತು ಬಿಟ್ಟ ಮನುಷ್ಯ, ಕಾರು ಕತ್ತರಿಸಿದ್ದಕ್ಕೆ ಏನು ಮಾಡಿಯಾನು ಎಂದು ಯೋಚಿಸಲೂ ಧೈರ್ಯವಾಗಲಿಲ್ಲ. ಅಕ್ಕನ ಮುಖ ಕಣ್ಣ ಮುಂದೆ ಬಂತು.

ಆಗಲೇ ದೊಡ್ಡಬೀರಪ್ಪ ಪ್ರತ್ಯಕ್ಷನಾದ. ಗುಮ್ಮಘಟ್ಟದ ಕುರಿಗಾಹಿ. ಅಡವಿಯಲ್ಲಿ ಕುರಿ ಕರೆದೂ ಕರೆದೂ ಅವನ ದನಿಗೆ ಸಣ್ಣದು ಎಂಬ ಅಳತೆಯೇ ಇಲ್ಲ.

"ಏನ್ ಮಾಸ್ಟ್ರ," ಗೇಟಿನಾಚೆಯಿಂದಲೇ ಕೂಗಿದ, "ಕಾರಿನ ತೊಗಲು ಸುಲಿಯಾಕತ್ತೀರೇನ್ರಿ?"

ಕಿಟಕಿಯೊಳಗೆ ಗೊರಕೆ ನಿಂತಿತು.

ನಾವಿಬ್ಬರೂ ನಿಂತಲ್ಲೇ ಕಲ್ಲಾದೆವು. ಮಂಚ ಕಿರ್ ಎಂದಿತು. ನಾನು ದೊಡ್ಡಬೀರಪ್ಪನ ಕಡೆ ತಿರುಗಿ ಎರಡೂ ಕೈಯೆತ್ತಿ ಮುಗಿದೆ. ಅವನು ಸಂತೋಷದಿಂದ ಪ್ರತಿನಮಸ್ಕಾರ ಮಾಡಿ ಇನ್ನೂ ಹತ್ತಿರ ಬಂದ.

"ನನ್ ಸೊಸಿಗೆ ನಿಮ್ ಶೆಡ್ಡಿನ್ಯಾಗ ಕೆಲಸ ಕೇಳಿದ್ನೆಲ್ರಿ—"

"ನಾಳಿಂದ ಕಳಸ್ರಿ" ಎಂದು ಪಿಸುಗುಟ್ಟಿದೆ.

"ಆಕಿಗೆ ಮಿಷನ್ ಬರಂಗಿಲ್ಲ ಮತ್ತ."

"ಚಲೋ ಆತು, ಕಳಸ್ರಿ."

"ಅಕಿ ತಂಗೀನೂ ಅದಾಳ—"

"ಇಬ್ಬರನ್ನೂ ಕಳಸ್ರಿ, ಈಗ ಹೋಗ್ರಿ."

ಅವನು ನನ್ನ ದೊಡ್ಡ ಮನಸ್ಸನ್ನು ಹೊಗಳುತ್ತ ಹೋದ. ಹೊಗಳಿಕೆ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು. ನಾವು ಉಸಿರು ಹಿಡಿದು ಕಾದೆವು. ಮಂಚ ಇನ್ನೊಮ್ಮೆ ಕಿರ್ ಎಂದು, ಭಾವ ಮಗ್ಗುಲು ಬದಲಿಸಿದ ಸದ್ದಾಯಿತು. ಬಹಳ ಹೊತ್ತಿನ ಮೇಲೆ ಗೊರಕೆ ಮತ್ತೆ ಶುರುವಾಯಿತು. ಆದರೆ ಅದು ಮೊದಲಿನ ಗಾಢ ಗೊರಕೆಯಾಗಿರಲಿಲ್ಲ, ಯಾವ ಗಳಿಗೆಯಲ್ಲಾದರೂ ಹರಿದುಹೋಗುವಂಥ ತೆಳು ಗೊರಕೆ.

"ಈಗರೇ ಹೋಗಿ ನಿಜ ಹೇಳ್ರಿ" ಎಂದಳು ಸುನೀತಾ. "ಪಟ್ಟಿ ಸರಿ ಮಾಡಾಕ ಹೋದೆ, ಕೆಟ್ಟಾತು ಅಂತ ಹೇಳ್ರಿ. ಅಕ್ಕಾರು ಬರೋದ್ರಾಗ ಹೇಳ್ರಿ."

ಅದು ವಿವೇಕದ ಮಾತು. ನಾನು ಕೇಳಬಹುದಿತ್ತು. ಆದರೆ ನನಗೆ ಆಗ ಇನ್ನೊಂದು ಯೋಚನೆ ಹೊಳೆದಿತ್ತು. ನಮ್ಮಲ್ಲಿ ಒಂದು ಜೇಬು ಗಿಡ್ಡವಾದರೆ ಇಡೀ ಪ್ಯಾಂಟನ್ನು ಎಸೆಯುವುದಿಲ್ಲ, ಇನ್ನೊಂದು ಜೇಬನ್ನೂ ಅಷ್ಟೇ ಗಿಡ್ಡ ಮಾಡುತ್ತೇವೆ. ಎರಡೂ ಸಮ ಇದ್ದರೆ ಜನ ಅದನ್ನು ತಪ್ಪು ಅನ್ನುವುದಿಲ್ಲ, ಫ್ಯಾಷನ್ ಅನ್ನುತ್ತಾರೆ. ನಾನು ಕತ್ತರಿ ಹಿಡಿದು ಕಾರಿನ ಆಚೆ ಮಗ್ಗುಲಿಗೆ ಹೋದೆ.

"ಬ್ಯಾಡ್ರಿ," ಸುನೀತಾ ನನ್ನ ತೋಳು ಹಿಡಿದಳು. "ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದರೇ ಸರಿ ಇರ್ಲಿ."

ಅಷ್ಟರಲ್ಲಿ ಕತ್ತರಿ ಕಚಕ್ ಎಂದಿತ್ತು. ಆಚೆ ಬಾಗಿಲಲ್ಲೂ ಅಂಗೈಯಗಲ ಕುಂಕುಮ ಬೆಳಗಿತು.

"ಈಗ ಎರಡೂ ಕಡೆ ಕೆಟ್ಟಾತು" ಎಂದಳು. ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಕಾರಿಗೆ ಜೇಬಿನ ನಿಯಮ ಅನ್ವಯಿಸುವುದಿಲ್ಲ ಎಂದು ಆ ದಿನ ತಿಳಿಯಿತು.

ಒಳಗೆ ಗೊರಕೆ ಒಂದು ಹೆಜ್ಜೆ ತಪ್ಪಿತು. ಇನ್ನು ಯೋಚಿಸಲು ಸಮಯವಿರಲಿಲ್ಲ. ಬೋಳು ಜಾಗ ಮುಚ್ಚಬೇಕು, ಅಷ್ಟೇ. ಪ್ಯಾಂಟಿನ ಹಿಂದೆ ಸೊಂಟದ ಪಟ್ಟಿಯ ಮೇಲೆ ಹೊಲಿಯುವ ತೊಗಲಿನ ಲೇಬಲ್ಲುಗಳು ಶೆಡ್ಡಿನಲ್ಲಿ ರಾಶಿ ಬಿದ್ದಿದ್ದವು. ಓಡುವ ಕುದುರೆಯ ಚಿತ್ರ, ಅದರ ಕೆಳಗೆ ಸೈಜು. ಅಂಗೈಯಗಲವೇ ಇದ್ದವು. ಕೈಗೆ ಸಿಕ್ಕಿದ ಎರಡು ತಂದು, ಗಮ್ಮು ಬಳಿದು, ಒಂದೊಂದು ಬಾಗಿಲ ತುದಿಗೂ ಒಂದೊಂದನ್ನು ಒತ್ತಿದೆ. ಎರಡನೆಯದನ್ನು ಬಿಡದೆ ಹಿಡಿದುಕೊಂಡೇ ಇದ್ದೆ. ಗೊರಕೆ ಪೂರ್ತಿ ನಿಂತಿತು. ಚಪ್ಪಲಿಯ ಸದ್ದು ಕೇಳಿತು. ನಾನು ಕೈ ತೆಗೆದು ಪಂಚೆ ಇಳಿಬಿಟ್ಟು ನಿಂತೆ.

ಭಾವ ಹೊರಗೆ ಬಂದರು. ಅದೇ ಹೊತ್ತಿಗೆ ಗೇಟು ತೆರೆದುಕೊಂಡು ಅಕ್ಕನೂ ಒಳಗೆ ಬಂದಳು. ನರಸಮ್ಮ ಕೊಟ್ಟ ಮಲ್ಲಿಗೆ ಮುಡಿದಿದ್ದಳು, ಮುಖದಲ್ಲಿ ನಗು ಇತ್ತು. ಕಾರು ನೋಡಿದಳು, ನನ್ನ ಮುಖ ನೋಡಿದಳು, ನಗು ಅಲ್ಲೇ ಇಂಗಿತು.

ಭಾವ ಕಾರನ್ನು ಒಂದು ಸುತ್ತು ಹಾಕಿದರು. ಇನ್ನೊಂದು ಸುತ್ತು ಹಾಕಿದರು. ಬಗ್ಗಿ ಲೇಬಲ್ಲಿನ ಮೇಲೆ ಬೆರಳಿಟ್ಟರು.

"ಇದೇನಪ್ಪ ಈಸ್ವರ, ಮೂವತ್ನಾಕು?"

"ಸೊಂಟದ ಸೈಜ್, ಭಾವ."

"ಕಾರಿಂದಾ?"

ಭಾವ ಆಚೆ ಬಾಗಿಲಿಗೆ ಹೋದರು. "ಇಲ್ಲಿ ಮೂವತ್ತಾರು ಐತಲ್ಲ" ಎಂದರು.

ಸುನೀತಾ ಕಣ್ಣು ಮುಚ್ಚಿಕೊಂಡಳು. ಸೈಜು ನೋಡದೆ ಲೇಬಲ್ಲು ಹಚ್ಚಿದ್ದೂ ನನ್ನ ವೃತ್ತಿಜೀವನದಲ್ಲಿ ಅದೇ ಮೊದಲು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪನ ಕಾಲದ ಪದ್ಧತಿ, ಎತ್ತು, ಕೀಲೆಣ್ಣೆ, ಇಸ್ತ್ರಿ, ಕತ್ತರಿ, ತಣ್ಣೀರು. ಹೇಳುತ್ತ ಹೋದ ಹಾಗೆ ನನಗೇ ನನ್ನ ಮೇಲೆ ಅಸಹ್ಯವಾಯಿತು. ಅಕ್ಕ ಗೇಟು ಹಿಡಿದು ನಿಂತಿದ್ದಳು. ಈ ಮನೆಯನ್ನು ಕೊನೆಯ ಸಲ ನೋಡುವವಳ ಹಾಗೆ ನೋಡುತ್ತಿದ್ದಳು. ಅದನ್ನು ಕಂಡು ನನಗೆ ಅಳು ಬಂತು.

ಭಾವ ಲೇಬಲ್ಲಿನ ಕುದುರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಹೇಳಿದರು: "ನಾನು ಓಗಲ್ಲ."

"ಭಾವ, ಈ ಕಾರಿನ್ಯಾಗ ಬ್ಯಾಡಂದ್ರ ಬಿಡ್ರಿ, ನಾನು ಬ್ಯಾರೆ ಗಾಡಿ—"

"ಊರಿಗೇ ಓಗಲ್ಲ ಅಂದೆ ಕಣಪ್ಪ. ಇಂಗೆ ಓದ್ರೆ ನಮ್ಮೂರಾಗೆ ಏನಂತಾರೆ? ಲಕ್ಸ್ಮೀನರಸಪ್ಪ ಎಂಡ್ತಿ ತವರಿಗೋಗಿ ಕಾರಿಗೆ ಚಡ್ಡಿ ಒಲಿಸ್ಕಂಡು ಬಂದ ಅಂತಾರೆ. ಎಂಗಿತ್ತೋ ಅಂಗೇ ಪಟ್ಟಿ ಬರಬೇಕು. ಅದು ಬರೋಗಂಟ ನಾನಿಲ್ಲೇ. ಸುನೀತಮ್ಮ, ಒಂದು ಲೋಟ ಕಾಪಿ ಕೊಡಮ್ಮ."

ಹೇಳಿ ಒಳಗೆ ಹೋಗಿ ಅಂಗಿ ಬಿಚ್ಚಿ ಗೂಟಕ್ಕೆ ತೂಗುಹಾಕಿದರು. ನಾನು ಅಕ್ಕನ ಕಡೆ ನೋಡಿದೆ, ಅಕ್ಕ ಸುನೀತಾಳ ಕಡೆ ನೋಡಿದಳು. ಇದು ಬೈಗುಳವೋ ವರವೋ ಮೂವರಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆಯೇ ನಾನು ಬಾಗಿಲನ್ನು ಅಳೆದುಕೊಂಡು ಬಳ್ಳಾರಿಗೆ ಓಡಿದೆ. ಅದು ಹಳೇ ಮಾಡೆಲ್ಲು, ಪಟ್ಟಿ ಬೆಂಗಳೂರಿನಿಂದ ತರಿಸಬೇಕು, ಅಳತೆ ಕೊಟ್ಟು ಹೋಗಿ, ಬಂದರೆ ಬಸ್ಸಿಗೆ ಹಾಕುತ್ತೇವೆ ಎಂದರು ಅಂಗಡಿಯವರು. ಕೊಟ್ಟು ಬಂದೆ. ಅಂದಿನಿಂದ ನನ್ನ ವನವಾಸ ಶುರುವಾಯಿತು. ಮಂಚ ಭಾವನದು. ಟಿವಿಯೂ ಭಾವನದು, ಅದರಲ್ಲಿ ತೆಲುಗು ವಾರ್ತೆ ಮುಗಿದರೆ ಮತ್ತೆ ತೆಲುಗು ವಾರ್ತೆ. ದಿನಾ ಮಧ್ಯಾಹ್ನ ಮುದ್ದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಎದುರು ಕೂತು ಕಲಿಸಿದರು. ಹೊತ್ತು ಹೋಗದಿದ್ದರೆ ಶೆಡ್ಡಿಗೆ ಬಂದು ನನ್ನ ಕುರ್ಚಿಯಲ್ಲಿ ಕೂರುತ್ತಿದ್ದರು. ಹೊಲಿಯುವ ಹೆಣ್ಣುಮಕ್ಕಳ ಮನೆ, ಮಕ್ಕಳು, ಕುರಿ, ಮಳೆ ಎಲ್ಲ ವಿಚಾರಿಸುತ್ತಿದ್ದರು. ವಾರ ಕಳೆಯುವುದರೊಳಗೆ ಅವರು ಭಾವನನ್ನು "ದೊಡ್ಡ ಮಾಸ್ಟರ್" ಎನ್ನತೊಡಗಿದರು. ನಾನು ಬಟ್ಟೆ ಹಾಸಿ ಕತ್ತರಿ ಎತ್ತಿದರೆ ಸಾಕು, "ಇನ್ನೊಸಿ ಬಿಟ್ಟು ಕೊಯ್ಯಪ್ಪ, ಕುಗ್ಗತೈತೆ" ಎಂದು ಕುರ್ಚಿಯಿಂದ ದನಿ ಬರುತ್ತಿತ್ತು. ದೊಡ್ಡಬೀರಪ್ಪನ ಸೊಸೆ ಮತ್ತು ಅವಳ ತಂಗಿ (ಇಬ್ಬರಿಗೂ ಮಿಷನ್ ಬರುವುದಿಲ್ಲ) ಕಿಸಕ್ಕನೆ ನಗುತ್ತಿದ್ದರು.

ಕಡೆಗೊಂದು ದಿನ ಪಟ್ಟಿ ಬಂತು. ನಾನು ದಾರ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಆಟೋದವನು ಬಸ್ಸಿನ ಪಾರ್ಸೆಲ್ ತಂದು ಕೊಟ್ಟಿದ್ದ. ಕಟಿಂಗ್ ಟೇಬಲ್ಲಿನ ಮೇಲೆ ಅದರ ಕಾಗದ ಬಿಚ್ಚಿ ಇಟ್ಟಿತ್ತು. ನಾನು ಟೇಪು ಹಿಡಿದೆ. ಎರಡೂ ಪಟ್ಟಿ ಕೊಟ್ಟ ಅಳತೆಗೆ ಸರಿಯಾಗಿದ್ದವು. ಮಂಚ, ಕುರ್ಚಿ, ಟಿವಿ, ರೊಟ್ಟಿ ಎಲ್ಲ ಕಣ್ಣ ಮುಂದೆ ಮೆರವಣಿಗೆ ಹೊರಟವು. ಬಟ್ಟೆ ಕಟ್ಟಿಕೋ ಎಂದು ಹೇಳಲು ಅಕ್ಕನನ್ನು ಹುಡುಕಿಕೊಂಡು ಹಿತ್ತಿಲಿಗೆ ಓಡಿದೆ.

ಅಕ್ಕ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಸುನೀತಾ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಇಬ್ಬರೂ ಏನಕ್ಕೋ ನಗುತ್ತಿದ್ದರು.

"ಬಾರೋ, ಕುಂತ್ಕ" ಎಂದಳು ಅಕ್ಕ. "ನಿನ್ನೆ ಅಮ್ಮ ಮಲಗ್ತಿದ್ದ ಜಾಗದಾಗೇ ಮಲಗಿದ್ನಿ ಕಣೋ. ನಡುಮನೆಯಾಗೆ, ಕಂಬದ ಪಕ್ಕ. ಎಷ್ಟು ವರ್ಸ ಆಗಿತ್ತೋ, ಈ ಮನೆಯಾಗೆ ಗಡಿಯಾರ ನೋಡದಂಗೆ ಕಣ್ಣು ಮುಚ್ಚಿ. ನೀನು ಕಾರು ಕೆಡಿಸಿದ್ದಕ್ಕೆ ನಾನು ಆ ದೇವರಿಗೆ ಕಾಯಿ ಒಡಸ್ತೀನಿ. ಬೈಬ್ಯಾಡ ಮತ್ತೆ, ಆ ಪಟ್ಟಿ ಇನ್ನೊಂದೀಟು ತಡ ಆಗ್ಲಪ್ಪ ಅಂತ ಬೇಡ್ಕಂತಿದ್ದೀನಿ."

ಸುನೀತಾ ತಲೆಯೆತ್ತಿ ನನ್ನನ್ನು ನೋಡಿದಳು. ಪಾರ್ಸೆಲ್ ಬಂದದ್ದು ಅವಳಿಗೆ ಗೊತ್ತು. ಅವಳು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಪಟ್ಟಿ ಗಿಡ್ಡ ಬಂದಿದೆ, ವಾಪಸ್ ಕಳಿಸಬೇಕು ಎಂದು ಭಾವನಿಗೆ ಸುಳ್ಳು ಹೇಳುವುದು. ಅಕ್ಕನಿಗಾಗಿ ಇನ್ನಷ್ಟು ದಿನ ಟೇಬಲ್ಲಿನ ಮೇಲೆ ಮಲಗುವುದು. ಇಂಥ ಮಹಾತ್ಯಾಗವನ್ನು ನಾನು ಜೀವನದಲ್ಲಿ ಮಾಡಿರಲಿಲ್ಲ. ಎದೆಯುಬ್ಬಿಸಿಕೊಂಡು ಶೆಡ್ಡಿಗೆ ನಡೆದೆ.

ಟೇಬಲ್ಲಿನ ಮೇಲೆ ಪಟ್ಟಿ ಇರಲಿಲ್ಲ. ಭಾವ ನನ್ನ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಪಟ್ಟಿ ಬಂದಿತ್ತು ಕಣಪ್ಪ" ಎಂದರು, ನನ್ನ ಕಡೆ ನೋಡದೆ. "ಕಾರಿಗೆ ಇಟ್ಟು ನೋಡ್ದೆ. ಗಿಡ್ಡ ಐತೆ. ಬೀದಿಯಾಗೆ ಓಗ್ತಿದ್ದ ಆಟೋದೋನ ಕೈಲೇ ವಾಪಸ್ ಕಳಿಸ್ದೆ."

ನಾನು ಅವರ ಮುಖವನ್ನೇ ನೋಡಿದೆ. ಅವರು ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡರು. ಹಿತ್ತಿಲಿನಿಂದ ಅಕ್ಕನ ನಗು ಕೇಳಿತು. ಭಾವ ಅದನ್ನು ಕೇಳುತ್ತ ಸ್ವಲ್ಪ ಹೊತ್ತು ಅಗಿದರು, ಆಮೇಲೆ ಮಿಷನ್ನುಗಳ ಸದ್ದಿನ ಮೇಲೆ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ಅಳತೆ ಕೊಟ್ಟೋನು ನೀನೇ ತಾನೆ? ಇಷ್ಟು ವರ್ಸ ಆತು, ಇನ್ನಾದ್ರೂ ಸರಿಯಾಗಿ ಅಳಿಯೋದು ಕಲಿಯಪ್ಪ."

ಮಿಷನ್ನುಗಳು ಒಂದೊಂದಾಗಿ ನಿಂತವು. ಎಲ್ಲರೂ ತಲೆಯೆತ್ತಿ ನನ್ನ ಕಡೆ ನೋಡಿದರು. ನನ್ನ ಕೊರಳಲ್ಲಿ ಟೇಪು ಇತ್ತು.

"ಹೌದ್ರಿ ಭಾವ," ಎಂದೆ, "ಅಳತಿ ತಪ್ಪಿತ್ತು."